ಅಣಬೆ, ಗಿಡಮೂಲಿಕೆ ಚಹಾ ಮತ್ತು ಕರುಳು: ಜಠರ-ಕರುಳು ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 42 ವರ್ಷ. ಬಹಳ ಕಾಲದಿಂದ ಮಲಬದ್ಧತೆ ಇದೆ. ಅಣಬೆ ಕರುಳಿಗೆ ಒಳ್ಳೆಯದೆಂದು ಓದಿದ ಮೇಲೆ, ಎರಡು ತಿಂಗಳಿಂದ ವಾರದಲ್ಲಿ ನಾಲ್ಕೈದು ರಾತ್ರಿ ಸುಮಾರು 200 ಗ್ರಾಂ ಬಿಳಿ ಬಟನ್ ಅಣಬೆಯನ್ನು ಈರುಳ್ಳಿ, ಬೆಳ್ಳುಳ್ಳಿಯೊಂದಿಗೆ ಬೇಯಿಸಿ ತಿನ್ನುತ್ತಿದ್ದೇನೆ. ಊಟವಾದ ಕೂಡಲೇ ಪೆಪ್ಪರ್‌ಮಿಂಟ್ ಚಹಾ ಕುಡಿಯುತ್ತೇನೆ. ಮಲಗುವ ಮುನ್ನ, ಪೊಟ್ಟಣದ ಮೇಲೆ ‘ಕರುಳು ಶುದ್ಧಿ’ ಎಂದು ಬರೆದಿರುವ ಇನ್ನೊಂದು ಗಿಡಮೂಲಿಕೆ ಚಹಾ. ಬೆಳಿಗ್ಗೆ ಹೊಟ್ಟೆ ಖಾಲಿಯಾಗುತ್ತದೆ, ಆದರೆ ರಾತ್ರಿ ಹೊಟ್ಟೆಯುಬ್ಬರ ಮತ್ತು ಎದೆಯುರಿ ಹೆಚ್ಚಾಗಿವೆ. ಒಂದು ದಿನ ಆ ಚಹಾ ತಪ್ಪಿದರೆ ಎರಡು ದಿನ ಮಲವಿಸರ್ಜನೆಯೇ ಆಗುವುದಿಲ್ಲ. ಅಣಬೆ ನನಗೆ ಒಗ್ಗುತ್ತಿಲ್ಲವೇ? ಚಹಾ ಮುಂದುವರಿಸಬಹುದೇ?

ಉತ್ತರ: ನಮಸ್ಕಾರ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳು ಇರುವಂತೆ ಕಾಣುತ್ತದೆ. ಅಣಬೆಯದು ಅವುಗಳಲ್ಲಿ ಒಂದು ಪಾಲು ಮಾತ್ರ.

ಅಣಬೆಯ ಕೋಶಭಿತ್ತಿಯಲ್ಲಿ ಬೀಟಾ-ಗ್ಲುಕಾನ್ ಮತ್ತು ಕೈಟಿನ್ ಎಂಬ ನಾರುಗಳಿರುತ್ತವೆ. ಬೀಟಾ-ಗ್ಲುಕಾನನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ, ಕೈಟಿನ್ ಕೂಡ ಬಹುಪಾಲು ಜೀರ್ಣವಾಗದೆ ಉಳಿಯುತ್ತದೆ. ಹೀಗೆ ದೊಡ್ಡ ಕರುಳನ್ನು ಸೇರಿದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಸರಪಳಿಯ ಕೊಬ್ಬಿನಾಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಹೆಚ್ಚಿನ ಭಾಗವನ್ನು ಪಡೆಯುವುದು ಈ ಬ್ಯುಟಿರೇಟ್‌ನಿಂದಲೇ. ‘ಅಣಬೆ ಕರುಳಿಗೆ ಒಳ್ಳೆಯದು’ ಎಂಬ ಮಾತಿನ ಹಿಂದಿರುವ ಗಟ್ಟಿಯಾದ ಸಂಗತಿ ಇಷ್ಟು. ಆದರೆ ಅದೇ ಹುದುಗುವಿಕೆಯಲ್ಲಿ ಅನಿಲವೂ ಹುಟ್ಟುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಪಡೆಯಲು ಬರುವುದಿಲ್ಲ.

ಇದರ ಜೊತೆಗೆ ಬಟನ್ ಅಣಬೆಯಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆ-ಆಲ್ಕೋಹಾಲ್ ಹೇರಳವಾಗಿದೆ. ಸಣ್ಣ ಕರುಳು ಅದನ್ನು ನಿಧಾನವಾಗಿ, ಅರ್ಧಂಬರ್ಧವಾಗಿ ಹೀರಿಕೊಳ್ಳುತ್ತದೆ. ಉಳಿದದ್ದು ನೀರನ್ನು ಸೆಳೆದುಕೊಂಡು ಕೆಳಗಿಳಿದು ಬೇಗನೆ ಹುದುಗುತ್ತದೆ. ಕರುಳು ಸೂಕ್ಷ್ಮವಾಗಿರುವವರಿಗೆ ಒಂದೇ ಹೊತ್ತಿಗೆ 200 ಗ್ರಾಂ ಖಂಡಿತ ಹೆಚ್ಚಾಯಿತು. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಕೂಡ ಇದೇ ರೀತಿ ಹುದುಗುವುದರಿಂದ, ನಿಮ್ಮ ಉಬ್ಬರದಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ಈಗಿನ ಅಡುಗೆಯಿಂದ ತಿಳಿಯಲಾಗದು. ಎರಡು ವಾರ ಬಟನ್ ಅಣಬೆಯ ಬದಲು ಆಯ್ಸ್ಟರ್ ಎಂದು ಕರೆಯುವ ಚಿಪ್ಪು ಅಣಬೆಯನ್ನು 75 ಗ್ರಾಂನಷ್ಟು, ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ, ಮಧ್ಯಾಹ್ನದ ಊಟದಲ್ಲಿ ತಿಂದು ನೋಡಿ. ಅದರಲ್ಲಿ ಮ್ಯಾನಿಟಾಲ್ ಬಹಳ ಕಡಿಮೆ.

ಮಲಬದ್ಧತೆಗೆ ಅಣಬೆಯೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. 100 ಗ್ರಾಂ ಹಸಿ ಅಣಬೆಯಲ್ಲಿ 90 ಗ್ರಾಂಗೂ ಹೆಚ್ಚು ನೀರೇ ಇದ್ದು, ನಾರು ಇರುವುದು ಸುಮಾರು 1 ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 25ರಿಂದ 30 ಗ್ರಾಂ.

ಎದೆಯುರಿಗೆ ನಾನು ಪೆಪ್ಪರ್‌ಮಿಂಟನ್ನು ಅನುಮಾನಿಸುತ್ತೇನೆ. ಅದರಲ್ಲಿರುವ ಮೆಂಥಾಲ್, ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಕರುಳಿನ ಸೆಳೆತವನ್ನು ಸಡಿಲಿಸುತ್ತದೆ. ಅನ್ನನಾಳದ ಕೆಳತುದಿಯ ಬಿಗಿಯನ್ನೂ ಸಡಿಲಿಸುವುದರಿಂದ ಜಠರದ ಆಮ್ಲ ಮೇಲೇರುತ್ತದೆ. ಕರುಳಿನ ಸೆಳೆತಕ್ಕೆ ಪೆಪ್ಪರ್‌ಮಿಂಟ್ ಉಪಯುಕ್ತವೆಂದು ತೋರಿಸಿದ ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಜಠರದಲ್ಲಿ ಕರಗದ ಹೊದಿಕೆಯುಳ್ಳ ಎಣ್ಣೆಯ ಕ್ಯಾಪ್ಸೂಲ್‌ಗಳ ಮೇಲೆಯೇ ಹೊರತು ಚಹಾದ ಮೇಲಲ್ಲ ಎಂಬುದನ್ನು ಯಾರೂ ಪೊಟ್ಟಣದ ಮೇಲೆ ಬರೆಯುವುದಿಲ್ಲ. ಊಟದ ನಂತರ ಬಿಸಿಯಾಗಿ ಏನಾದರೂ ಬೇಕೆನಿಸಿದರೆ ತೆಳುವಾದ ಶುಂಠಿ ಚಹಾ ಕುಡಿದು ನೋಡಿ. ಶುಂಠಿಯಿಂದಲೂ ಉರಿಯಾದರೆ ಅದನ್ನೂ ಬಿಡಿ.

ಇನ್ನು ಆ ‘ಕರುಳು ಶುದ್ಧಿ’ ಚಹಾ. ದಯವಿಟ್ಟು ಪೊಟ್ಟಣದ ಹಿಂಬದಿಯಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಓದಿ ಇಲ್ಲಿ ಬರೆಯಿರಿ. ನನಗೆ ಹೆಚ್ಚು ಆತಂಕ ಇರುವುದು ಅದರ ಬಗ್ಗೆಯೇ.

ಅದೇ ಸದಸ್ಯರು: ನೋಡಿದೆ ಡಾಕ್ಟರ್. ಸೆನ್ನಾ ಎಲೆ, ಸೋಂಪು, ಅತಿಮಧುರ ಎಂದಿದೆ.

ಉತ್ತರ: ಹಾಗಾದರೆ ನೀವು ಎರಡು ತಿಂಗಳಿಂದ ಪ್ರತಿ ರಾತ್ರಿ ಕುಡಿಯುತ್ತಿರುವುದು ಭೇದಿಯ ಔಷಧ. ಸೆನ್ನಾ ಎಂದರೆ ಸೋನಾಮುಖಿ. ಅದರ ಸೆನೊಸೈಡ್‌ಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ವಸ್ತು ಕರುಳಿನ ಗೋಡೆಯನ್ನು ಕೆರಳಿಸಿ, 6ರಿಂದ 12 ಗಂಟೆಗಳೊಳಗೆ ಮಲವನ್ನು ಹೊರದೂಡುತ್ತದೆ. ರಾತ್ರಿ ಕುಡಿದರೆ ಬೆಳಿಗ್ಗೆ ಫಲ ಕಾಣುವುದು ಇದರಿಂದಲೇ. ಅಲ್ಲಿ ಶುದ್ಧಿಯಾಗುವುದೇನೂ ಇಲ್ಲ. ಮಲಬದ್ಧತೆಗೆ ಸೆನ್ನಾ ಒಪ್ಪಿತವಾದ ಔಷಧವೇ ಹೌದು, ಆದರೆ ವೈದ್ಯರ ಸಲಹೆಯಿಲ್ಲದೆ ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವಂಥದ್ದಲ್ಲ. ಅತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಅತಿಮಧುರದ ಗ್ಲಿಸಿರೈಜಿನ್ ಕೂಡ ಪೊಟ್ಯಾಸಿಯಂ ಇಳಿಸುವುದಲ್ಲದೆ ರಕ್ತದೊತ್ತಡವನ್ನು ಏರಿಸುತ್ತದೆ. ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಕೂಡಿಸಿ ಆರೋಗ್ಯದ ಹೆಸರಿನಲ್ಲಿ ಮಾರುವುದು ನನಗೆ ನಿಜಕ್ಕೂ ನೋವುಂಟುಮಾಡುವ ಸಂಗತಿ.

ಚಹಾ ತಪ್ಪಿದಾಗ ಎರಡು ದಿನ ಮಲವಿಸರ್ಜನೆ ಆಗದಿರುವುದಕ್ಕೆ ಗಾಬರಿಯಾಗಬೇಡಿ. ಭೇದಿಯಿಂದ ಪೂರ್ತಿ ಬರಿದಾದ ಕರುಳು ಮತ್ತೆ ತುಂಬಿಕೊಳ್ಳಲು ಎರಡು ಮೂರು ದಿನ ಹಿಡಿಯುವುದು ಸಹಜ; ಜನರು ಅದನ್ನೇ ಮಲಬದ್ಧತೆ ಮರಳಿತೆಂದು ತಿಳಿದು ಮತ್ತೆ ಚಹಾ ಕುಡಿಯುತ್ತಾರೆ, ಅಭ್ಯಾಸ ಬಿಡಿಸಲಾರದಂತೆ ಬೆಳೆಯುವುದು ಹೀಗೆ. ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ವಾರಕ್ಕೆರಡು ಸಲ ಎಂದು ಕಡಿಮೆ ಮಾಡುತ್ತಾ, ಅದೇ ಹೊತ್ತಿಗೆ ಇಸಬಗೋಲನ್ನು ಅರ್ಧ ಚಮಚದಿಂದ ಆರಂಭಿಸಿ ಸಾಕಷ್ಟು ನೀರಿನೊಂದಿಗೆ ನಿಧಾನವಾಗಿ ಹೆಚ್ಚಿಸಿ. ಪೊಟ್ಯಾಸಿಯಂ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ನಿಮ್ಮ ವೈದ್ಯರ ಮೂಲಕ ಒಮ್ಮೆ ಮಾಡಿಸಿಕೊಳ್ಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ.

ಇನ್ನೊಬ್ಬ ಸದಸ್ಯರು: ಡಾಕ್ಟರ್, ಅಣಬೆಯನ್ನು ಹಸಿಯಾಗಿ ತಿಂದರೆ ನಾರಿನ ಗುಣ ಹೆಚ್ಚು ಉಳಿಯುವುದಿಲ್ಲವೇ? ನನ್ನ ತಂದೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅವರಿಗೆ ಯಾರೋ ರೀಶಿ ಮತ್ತು ಚಾಗಾ ಅಣಬೆಯ ಪುಡಿ ಕೊಟ್ಟಿದ್ದಾರೆ, ಅದನ್ನು ಕ್ಯಾಮೊಮೈಲ್ ಚಹಾದಲ್ಲಿ ಬೆರೆಸಿ ಕುಡಿಯುತ್ತಾರೆ.

ಉತ್ತರ: ಬೇಯಿಸಿದರೆ ಬೀಟಾ-ಗ್ಲುಕಾನ್ ನಾಶವಾಗುವುದಿಲ್ಲ, ಗಟ್ಟಿಯಾದ ಕೋಶಭಿತ್ತಿ ಮೆತ್ತಗಾಗಿ ಜೀರ್ಣಕ್ಕೆ ಅನುಕೂಲವೇ ಆಗುತ್ತದೆ. ಶಿಟಾಕೆ ಅಣಬೆಯನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿಂದ ಕೆಲವರಿಗೆ ಮೈಮೇಲೆ ಚಾಟಿಯಲ್ಲಿ ಹೊಡೆದಂತಹ ಕೆಂಪು ಗೆರೆಗಳು ಏಳುತ್ತವೆ. ಆದ್ದರಿಂದ ಬೇಯಿಸಿಯೇ ತಿನ್ನಿ.

ನಿಮ್ಮ ತಂದೆಯವರ ವಿಷಯ ತುರ್ತಿನದು. ರೀಶಿ ಮತ್ತು ಕ್ಯಾಮೊಮೈಲ್ ಎರಡೂ ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲವು. ಚಾಗಾದಲ್ಲಿ ಆಕ್ಸಲೇಟ್ ಬಹಳವಾಗಿದ್ದು, ಅದನ್ನು ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಮೂತ್ರಪಿಂಡ ಹಾನಿಗೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಪುಡಿಯನ್ನೂ ಚಹಾವನ್ನೂ ಇಂದೇ ನಿಲ್ಲಿಸಿ, ವಾರ್ಫರಿನ್ ಬರೆದುಕೊಟ್ಟ ವೈದ್ಯರಿಗೆ ಈ ದಿನವೇ ತಿಳಿಸಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ) ಪರೀಕ್ಷೆ ಮಾಡಿಸಿ. ವಾರ್ಫರಿನ್ ಪ್ರಮಾಣವನ್ನು ಮಾತ್ರ ನೀವಾಗಿಯೇ ಬದಲಿಸಬೇಡಿ. ವೈದ್ಯರಲ್ಲಿಗೆ ಹೋಗುವಾಗ ಆ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.