ಪುಣೆಯಲ್ಲಿ ಲಿಲಿ ಆಫ್ ದ ವ್ಯಾಲಿ ಬೆಳೆಯುತ್ತಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಪ್ರಶ್ನೆ (ಕೋಥ್ರೂಡ್, ಪುಣೆ):
ನಮಸ್ಕಾರ ಸರ್. ಮಗಳು ಫ್ರಾನ್ಸ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿ ಮೇ 1ಕ್ಕೆ ಲಿಲಿ ಆಫ್ ದ ವ್ಯಾಲಿ ಹೂವನ್ನು ಒಬ್ಬರಿಗೊಬ್ಬರು ಕೊಡುತ್ತಾರಂತೆ. ಅವಳು ಕಳಿಸಿದ ಫೋಟೋ ನೋಡಿ ನನಗೂ ಬೆಳೆಸುವ ಆಸೆ ಹುಟ್ಟಿದೆ. ನಮ್ಮ ಗ್ಯಾಲರಿ (ಬಾಲ್ಕನಿ) ಈಶಾನ್ಯಕ್ಕಿದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು, ಆಮೇಲೆ ನೆರಳು. ಆದರೆ ಆನ್‌ಲೈನ್‌ನಲ್ಲಿ ಓದಿದಷ್ಟೂ ಗೊಂದಲ. ಒಬ್ಬರು "ಒಮ್ಮೆ ನೆಟ್ಟರೆ ಇಡೀ ತೋಟ ನುಂಗುತ್ತೆ, ಬೇಡವೇ ಬೇಡ" ಅಂತಾರೆ. ಇನ್ನೊಬ್ಬರು ವರ್ಷಗಟ್ಟಲೆ ಕಾದರೂ ಒಂದು ಹೂ ಬಿಡಲಿಲ್ಲ ಅಂತಾರೆ. ಪೂರ್ತಿ ನೆರಳು ಬೇಕು ಅಂತ ಕೆಲವರು, ಬಿಸಿಲು ಬೇಕು ಅಂತ ಕೆಲವರು. ಅಲ್ಲಿ ಜಗಳವೇ ನಡೆದಿದೆ. ನಮ್ಮಲ್ಲಿ ಬೀಜದ ಪೊಟ್ಟಣ ಮಾರಾಟಕ್ಕಿದೆ, ಬಿಳಿ, ಗುಲಾಬಿ, ನೀಲಿ ಮೂರೂ ಬಣ್ಣ. ತರಿಸಲಾ?

ಉತ್ತರ (ತೋಟಗಾರಿಕೆ ಸಲಹೆಗಾರ, ಪುಣೆ):
ಮೇಡಂ, ಬೀಜ ದಯವಿಟ್ಟು ತರಿಸಬೇಡಿ. ನೀಲಿ ಬಣ್ಣದ ಲಿಲಿ ಆಫ್ ದ ವ್ಯಾಲಿ ಅಂತ ಒಂದು ಇಲ್ಲವೇ ಇಲ್ಲ. ಬಿಳಿ ಇದೆ, ತೆಳು ಗುಲಾಬಿ ಇದೆ, ಅಷ್ಟೇ. ನೀಲಿ ಹೂವಿನ ಫೋಟೋ ಹಾಕಿ ಮಾರುವವರ ಉಳಿದ ಪೊಟ್ಟಣವನ್ನೂ ನಾನು ನಂಬುವುದಿಲ್ಲ. ಬೀಜ ಅಸಲಿಯೇ ಆಗಿದ್ದರೂ ಅದು ಮೊಳೆತು ಹೂ ಬಿಡಲು ಹಲವು ವರ್ಷ ಬೇಕು. ಯುರೋಪಿನಲ್ಲೇ ಇದನ್ನು ಬೀಜದಿಂದ ಬೆಳೆಸುವವರು ಕಡಿಮೆ.

ಈಗ ಆ ಜಗಳದ ವಿಷಯ. ನೀವು ಓದಿದ ಎಲ್ಲರೂ ತಮ್ಮ ತೋಟದಲ್ಲಿ ಕಂಡದ್ದನ್ನೇ ಬರೆದಿದ್ದಾರೆ. ಯಾವ ಊರಿನ ತೋಟ ಅಂತ ಮಾತ್ರ ಬರೆದಿಲ್ಲ. ಈ ಗಿಡದ ಮಟ್ಟಿಗೆ ಅದೇ ಮುಖ್ಯ.

ಇದು ಯುರೋಪ್ ಮತ್ತು ಏಷ್ಯಾದ ತಂಪು ಕಾಡುಗಳ ಗಿಡ. ಫಿನ್‌ಲ್ಯಾಂಡ್‌ನ ರಾಷ್ಟ್ರೀಯ ಹೂ. ಮಣ್ಣಿನೊಳಗೆ ಬೇರುಕಾಂಡ ಅಡ್ಡಡ್ಡ ಹರಿಯುತ್ತದೆ, ಅದರ ತುದಿಯಲ್ಲಿ ಮೊಗ್ಗು ಕೂರುತ್ತದೆ. ಅದಕ್ಕೆ ಪಿಪ್ ಅಂತಾರೆ. ಆ ಮೊಗ್ಗಿಗೆ ಎರಡೂವರೆ, ಮೂರು ತಿಂಗಳು 5 ಡಿಗ್ರಿಗಿಂತ ಕಡಿಮೆ ಚಳಿ ಸಿಗಬೇಕು. ಆಮೇಲೇ ಅದು ಸರಿಯಾಗಿ ಎದ್ದು ಹೂ ಬಿಡುವುದು. ಅಂಥ ಚಳಿ ಪ್ರತಿ ವರ್ಷ ತಾನಾಗಿ ಸಿಗುವ ಕಡೆ ಬೇರುಕಾಂಡ ಹಬ್ಬುತ್ತಲೇ ಹೋಗುತ್ತದೆ. ಅಗೆದು ತೆಗೆದರೂ ಉಳಿದ ತುಂಡು ಮತ್ತೆ ಚಿಗುರುತ್ತದೆ. "ತೋಟ ನುಂಗುತ್ತೆ" ಅಂದವರು ಅಂಥ ಊರಿನವರು. ಹೂವೇ ಬಿಡಲಿಲ್ಲ ಅಂದವರಲ್ಲಿ ಕೆಲವರ ಊರಲ್ಲಿ ಚಳಿ ಸಾಲದು, ಇನ್ನು ಕೆಲವರು ದಟ್ಟ ನೆರಳಿನಲ್ಲಿ ನೆಟ್ಟಿರುತ್ತಾರೆ. ಕತ್ತಲು ಜಾಸ್ತಿ ಆದರೆ ಬರೀ ಎಲೆ ಬರುತ್ತದೆ.

ನೆರಳು-ಬಿಸಿಲಿನ ವಾದವೂ ಹೀಗೇ. ತಂಪು ಊರಲ್ಲಿ ಅರ್ಧ ದಿನದ ಬಿಸಿಲು ಬಿದ್ದರೆ ಹೂ ಜಾಸ್ತಿ. ಬೇಸಿಗೆ ಖಾರವಾಗಿರುವ ಕಡೆ ಅದೇ ಬಿಸಿಲಿಗೆ ಎಲೆ ಸುಟ್ಟು ಹೋಗುತ್ತದೆ.

ಪುಣೆಯಲ್ಲಿ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 10-12 ಡಿಗ್ರಿ. ಕೆಲವು ದಿನ ಇನ್ನೂ ಇಳಿಯುತ್ತದೆ, ಆದರೆ ಮಧ್ಯಾಹ್ನ ಮತ್ತೆ 28-30. ಇದು ನಮಗೆ ಚಳಿ, ಆ ಮೊಗ್ಗಿಗೆ ಅಲ್ಲ. ಏಪ್ರಿಲ್-ಮೇಯಲ್ಲಿ 38-40 ಡಿಗ್ರಿ. ಅದನ್ನು ದಾಟಿ ಬಂದರೂ ಮಳೆಗಾಲದ ಬೆಚ್ಚನೆ ಒದ್ದೆ ಮಣ್ಣಿನಲ್ಲಿ ಬೇರುಕಾಂಡ ಕೊಳೆಯುತ್ತದೆ. ಹಾಗಾಗಿ ಶಾಶ್ವತವಾಗಿ ಬೆಳೆಸಲು ನಮ್ಮಲ್ಲಿ ಆಗದು.

ಕೋಥ್ರೂಡ್:
ಬೇಜಾರಾಯ್ತು ಸರ್. ಫ್ರಿಜ್‌ನಲ್ಲಿಟ್ಟು ಹೂ ಬಿಡಿಸಬಹುದು ಅಂತಲೂ ಓದಿದ್ದೆ. ಮಗಳು ಡಿಸೆಂಬರ್‌ಗೆ ಬರುತ್ತಾಳೆ, ಬ್ಯಾಗಲ್ಲಿ ನಾಲ್ಕು ಗಡ್ಡೆ ತರಲು ಹೇಳಲಾ?

ಉತ್ತರ:
ತರಿಸಬೇಡಿ ಮೇಡಂ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದ ಗಡ್ಡೆ, ಬೇರು, ಗಿಡಕ್ಕೆ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ನಿಯಮ ಸುಮ್ನೆ ಮಾಡಿದ್ದಲ್ಲ. ಬೇರಿನ ಮಣ್ಣಿನಲ್ಲಿ ಜಂತುಹುಳು, ಶಿಲೀಂಧ್ರ ಬಂದುಬಿಟ್ಟರೆ ನಷ್ಟ ನಮ್ಮ ರೈತರಿಗೆ.

ಫ್ರಿಜ್ ವಿಧಾನ ಮಾತ್ರ ನಿಜ. ಕಾನೂನು ಪ್ರಕಾರ ತರಿಸಿದ ಪಿಪ್ ಎಲ್ಲಾದರೂ ಸಿಕ್ಕರೆ ಹೀಗೆ ಮಾಡಿ. ಸ್ವಲ್ಪವೇ ತೇವ ಇರುವ ಕೋಕೋಪೀಟ್‌ನಲ್ಲಿ ಸುತ್ತಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್‌ನಲ್ಲಿ ಹತ್ತರಿಂದ ಹನ್ನೆರಡು ವಾರ ಇಡಿ. ಫ್ರೀಜರ್‌ನಲ್ಲಿ ಬೇಡ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಹಾಳಾಗುತ್ತದೆ. ಚೀಲದ ಮೇಲೆ "ವಿಷ, ತಿನ್ನಬಾರದು" ಅಂತ ದೊಡ್ಡದಾಗಿ ಬರೆಯಿರಿ. ಡಿಸೆಂಬರ್ ಕೊನೆಗೆ ಕುಂಡಕ್ಕೆ ಹಾಕಿದರೆ ಮೂರು-ನಾಲ್ಕು ವಾರದಲ್ಲಿ ಹೂ ಬರಬಹುದು. ಆ ಒಂದು ಸಲದ ಹೂವಿಗೇ ಗಿಡ ಸುಸ್ತಾಗುತ್ತದೆ. ಯುರೋಪಿನವರು ಆಮೇಲೆ ಅದನ್ನು ತೋಟದಲ್ಲಿ ನೆಟ್ಟು ಸುಧಾರಿಸಲು ಬಿಡುತ್ತಾರೆ. ನಮ್ಮಲ್ಲಿ ಬೇಸಿಗೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಡೊಂಬಿವಲಿ:
ಸರ್, ತಪ್ಪು ತಿಳೀಬೇಡಿ, ಆಗಲ್ಲ ಅಂದ್ರೆ ನಾನು ಒಪ್ಪಲ್ಲ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪ್ರತಿ ಮಳೆಗಾಲ ಬಿಡುತ್ತೆ. ನರ್ಸರಿಯವನೇ ಇದೇ ಹೆಸರು ಹೇಳಿ ಕೊಟ್ಟಿದ್ದ. ಬಿಳಿ ಹೂ, ಹುಲ್ಲಿನ ಥರ ಎಲೆ.

ಉತ್ತರ:
ಒಪ್ಪದಿದ್ದರೆ ಕೇಳಲೇಬೇಕು ಅಣ್ಣ, ಇಲ್ಲಿ ಬರೆದದ್ದು ಒಳ್ಳೆಯದಾಯ್ತು. ಚಿಕ್ಕಮ್ಮನ ಗಿಡದ ಹೂ ಆಕಾಶ ನೋಡುತ್ತದೆಯೋ ನೆಲ ನೋಡುತ್ತದೆಯೋ ನೋಡಿ. ಒಂದು ದಂಟಿಗೆ ಒಂದೇ ಹೂ, ಮೇಲ್ಮುಖ, ಆರು ಎಸಳು ಬಿಡಿಬಿಡಿ, ಮಳೆ ಬಿದ್ದ ಕೆಲವೇ ದಿನಕ್ಕೆ ಅರಳುತ್ತದೆ ಅಂದರೆ ಅದು ರೇನ್ ಲಿಲಿ. ಅಸಲಿ ಲಿಲಿ ಆಫ್ ದ ವ್ಯಾಲಿಯ ಎಲೆ ಹುಲ್ಲಿನಂತೆ ಇರುವುದಿಲ್ಲ. ಸಾಮಾನ್ಯವಾಗಿ ಎರಡೇ ಅಗಲ ಎಲೆ, ನಡುವೆ ಬಾಗಿದ ದಂಟು, ಅದರ ಒಂದೇ ಪಕ್ಕಕ್ಕೆ ಸಾಲಾಗಿ ಕೆಳಗೆ ತೂಗುವ ಪುಟ್ಟ ಗಂಟೆ ಹೂಗಳು. ನರ್ಸರಿಗಳಲ್ಲಿ ಹೆಸರು ಅದಲುಬದಲಾಗುವುದು ಮಾಮೂಲಿ. ಇಂಥ ಹೆಸರಿನ ಗೊಂದಲದಿಂದಲೇ ಆನ್‌ಲೈನ್ ವಾದಗಳು ಅರ್ಧಕ್ಕರ್ಧ ಬೆಳೆಯುತ್ತವೆ. ಅಂದಹಾಗೆ ರೇನ್ ಲಿಲಿ ಕಡಿಮೆ ಹೂವೇನಲ್ಲ. ನನಗೆ ಬಹಳ ಇಷ್ಟ.

ಮಾಟುಂಗಾ:
ಮುಂಬೈಯ ಮೊಹಮ್ಮದ್ ಅಲಿ ರಸ್ತೆಯಲ್ಲಿ ಇದರ ಅತ್ತರ್ ನೋಡಿದ್ದೆ. ಹೂ ಇಲ್ಲಿ ಬೆಳೆಯದಿದ್ದರೆ ಅದು ಎಲ್ಲಿಂದ ಬರುತ್ತೆ?

ಉತ್ತರ:
ಹೂವಿನಿಂದ ಅಲ್ಲ. ವ್ಯಾಪಾರಕ್ಕೆ ಆಗುವಷ್ಟು ಎಣ್ಣೆ ಈ ಹೂವಿನಿಂದ ತೆಗೆಯಲಾಗುವುದಿಲ್ಲ. 1956ರ ಡಿಯೋರಿಸಿಮೋ ಸೆಂಟ್ ಈ ವಾಸನೆಗೇ ಹೆಸರಾದದ್ದು, ಅದನ್ನೂ ಬೇರೆ ಬೇರೆ ಸುಗಂಧ ವಸ್ತು ಸೇರಿಸಿಯೇ ಕಟ್ಟಿದ್ದು.

ಮಡಗಾಂವ್, ಗೋವಾ:
ಮನೆಯಲ್ಲಿ ಸಣ್ಣ ಮಗು, ಒಂದು ನಾಯಿ. ವಿಷ ಅಂದ್ರಲ್ಲ, ಎಷ್ಟು ವಿಷ ಸರ್? ಕೆಲವರು ಸುಮ್ನೆ ಹೆದರಿಸ್ತಾರೆ ಅಂತಾರೆ.

ಉತ್ತರ:
ಇದರಲ್ಲಿ ಎರಡು ಮಾತಿಲ್ಲ. ಎಲೆ, ಹೂ, ಬೇರು, ಕೆಂಪು ಹಣ್ಣು, ಹೂ ಇಟ್ಟ ಹೂದಾನಿಯ ನೀರು ಸಹ ವಿಷ. ಒಳಗಿರುವ ಕನ್ವಲ್ಲಾಟಾಕ್ಸಿನ್ ಹೃದಯದ ಬಡಿತವನ್ನೇ ಕೆಡಿಸುತ್ತದೆ. ನಮ್ಮ ಕಣಗಿಲೆಯ ವಿಷವೂ ಇದೇ ಗುಂಪಿನದು. ಯುರೋಪಿನಲ್ಲಿ ಕಾಡು ಬೆಳ್ಳುಳ್ಳಿ ಸೊಪ್ಪು ಅಂದುಕೊಂಡು ಇದರ ಎಲೆ ತಿಂದು ಆಸ್ಪತ್ರೆ ಸೇರಿದವರಿದ್ದಾರೆ. ಮುಟ್ಟಿದರೆ ಭಯವಿಲ್ಲ, ಕೈ ತೊಳೆದರೆ ಸಾಕು. ಬಾಯಿಗೆ ಹೋದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಗಿಡದ ತುಂಡು ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಗೋವಾದಲ್ಲಿ ಇದು ಹೇಗೂ ಬೆಳೆಯದು. ಆದರೆ ಅಂಗಳದಲ್ಲಿ ಕಣಗಿಲೆ ಇದ್ದರೆ ಮಗುವಿನ ಮೇಲೆ ಒಂದು ಕಣ್ಣಿಡಿ.

ಕೋಥ್ರೂಡ್:
ಕೊನೆಯ ಪ್ರಶ್ನೆ ಸರ್. ಮಹಾಬಳೇಶ್ವರದಲ್ಲಿ ನಾದಿನಿಯ ಮನೆ ಇದೆ, ಅಲ್ಲಿ? ಅದೂ ಆಗದಿದ್ದರೆ ನನ್ನ ಗ್ಯಾಲರಿಗೆ ಏನು ಹಾಕಲಿ? ಬಿಳಿ ಹೂ ಬೇಕು, ಪರಿಮಳ ಬೇಕು.

ಉತ್ತರ:
ಅಲ್ಲಿಯೂ ಚಳಿ ಕೆಲವು ರಾತ್ರಿಗಳದ್ದು. ಮಳೆಯೋ ವರ್ಷಕ್ಕೆ 5,000 ಮಿಲಿಮೀಟರ್ ಮೀರುತ್ತದೆ, ಬೇರು ಉಳಿಯುವುದಿಲ್ಲ. ಹಿಮ ಬೀಳುವ ಹಿಮಾಚಲ, ಕಾಶ್ಮೀರದ ಕಡೆ ಪ್ರಯತ್ನಿಸಬಹುದು.

ನಿಮ್ಮ ಗ್ಯಾಲರಿಗೆ ಎರಡು ಗಿಡ ಹೇಳುತ್ತೇನೆ. ಒಂದು ಯೂಕರಿಸ್, ಅಮೆಜಾನ್ ಲಿಲಿ ಅಂತಲೂ ಕರೆಯುತ್ತಾರೆ. ನೆರಳು ಇಷ್ಟ, ಅಗಲ ಎಲೆ, ಬಾಗಿದ ಬಿಳಿ ಹೂ, ಹಿತವಾದ ವಾಸನೆ. ಕುಂಡದಲ್ಲಿ ಗಡ್ಡೆ ಒತ್ತೊತ್ತಾಗಿದ್ದರೇ ಚೆನ್ನಾಗಿ ಹೂ ಬಿಡುತ್ತದೆ, ಪದೇ ಪದೇ ಕುಂಡ ಬದಲಿಸಬೇಡಿ. ಮೂರು-ನಾಲ್ಕು ವಾರ ನೀರು ಕಡಿಮೆ ಮಾಡಿ, ಮತ್ತೆ ಚೆನ್ನಾಗಿ ಹಾಕಿದರೆ ಮೊಗ್ಗು ಬರುತ್ತದೆ. ಇದರ ಗಡ್ಡೆಯೂ ತಿನ್ನುವಂಥದ್ದಲ್ಲ.

ಇನ್ನೊಂದು ಸುರುಳಿ ಸುಗಂಧಿ. ಇಲ್ಲಿಯವರು ಸೋನ್‌ಟಕ್ಕಾ ಅಂತಾರೆ. ಸಂಜೆಯಾದರೆ ಇಡೀ ಮನೆ ಘಮ್ ಅನ್ನುತ್ತದೆ. ಉರುಳಿ ಕಾಂಚನ್ ಕಡೆಯ ನರ್ಸರಿಗಳಲ್ಲಿ ಕೇಳಿ, ಅಕ್ಕಪಕ್ಕದವರ ಹತ್ತಿರ ಇದ್ದರೆ ಗಡ್ಡೆಯ ತುಂಡೇ ಸಾಕು. ಮೇ ಕೊನೆಗೆ, ಮಳೆಗೆ ಮುಂಚೆ ನೆಡಿ. ಕುಂಡ ಅಗಲವಿರಲಿ, ಆಳ ಮುಖ್ಯವಲ್ಲ. ಕೆಂಪು ಮಣ್ಣು, ಎಲೆಗೊಬ್ಬರ ಸಮಸಮ. ಮಣ್ಣು ಒಣಗಲು ಬಿಡಬೇಡಿ. ಬೆಳಗಿನ ಆ ಸ್ವಲ್ಪ ಬಿಸಿಲು ಬೀಳುವ ಮೂಲೆಯಲ್ಲೇ ಇಡಿ. ಹೂ ಮುಗಿದ ದಂಟನ್ನು ಬುಡಕ್ಕೆ ಕತ್ತರಿಸಿ, ಪಕ್ಕದಲ್ಲಿ ಹೊಸ ದಂಟು ಏಳುತ್ತದೆ.