ಜೋಡಿ ಒಡಲಿನ ಹಾಯಿದೋಣಿಯಲ್ಲಿ ಟ್ರ್ಯಾಪೀಜ್ ಬಳಕೆ: ತರಬೇತುದಾರರೊಂದಿಗೆ ಪ್ರಶ್ನೋತ್ತರ

ಧಾರವಾಡದ ಸದಸ್ಯರು: ನಮಸ್ಕಾರ ಸರ್. ಕಾರವಾರದ ಸ್ನೇಹಿತರೊಡನೆ ಸೇರಿ ಹಳೆಯ ಹೋಬಿ 16 ದೋಣಿಯೊಂದನ್ನು ಕೊಂಡಿದ್ದೇವೆ. ಕಳೆದ ವಾರ ಮಧ್ಯಾಹ್ನದ ಗಾಳಿಯಲ್ಲಿ ನನ್ನ ಮಗಳು (15 ವರ್ಷ, 42 ಕಿಲೋ) ಟ್ರ್ಯಾಪೀಜ್ ತಂತಿಗೆ (ದೇಹದ ಭಾರವನ್ನು ದೋಣಿಯ ಹೊರಗೆ ಚಾಚಲು ಹಾಯಿಕಂಬದಿಂದ ಇಳಿಬಿಟ್ಟ ತಂತಿ) ಜೋತು ದೋಣಿಯ ಅಂಚಿನಲ್ಲಿ ನಿಂತಿದ್ದಾಗ, ಮೂತಿ ಒಮ್ಮೆಲೇ ಅಲೆಯೊಳಗೆ ಹೊಕ್ಕು, ಅವಳು ಮುಂದಕ್ಕೆ ಎಸೆಯಲ್ಪಟ್ಟಳು, ದೋಣಿ ಮಗುಚಿತು. ತಂತಿಯ ತುದಿಯ ಉಂಗುರ ಅವಳು ತೊಟ್ಟ ಹಾರ್ನೆಸ್ಸಿನ (ಮೈಗೆ ಬಿಗಿಯುವ ಪಟ್ಟಿಗಳ ತೊಡುಗೆ) ಕೊಕ್ಕೆಯಿಂದ ಕಳಚಿದ್ದರಿಂದಲೇ ಬಿದ್ದಳೆಂದು ತಿಳಿದು, ಇನ್ನು ಕಳಚದಂತೆ ಕೊಕ್ಕೆಯ ಬಾಯಿಗೆ ರಬ್ಬರ್ ಪಟ್ಟಿ ಬಿಗಿದಿದ್ದೇನೆ. ನನ್ನ ತೂಕ 78 ಕಿಲೋ. ಇದು ಸರಿಯೇ?

ತರಬೇತುದಾರರು: ಆ ಪಟ್ಟಿಯನ್ನು ಇಂದೇ ಕತ್ತರಿಸಿ ತೆಗೆಯಿರಿ. ಕೊಕ್ಕೆಯ ಬಾಯಿ ತೆರೆದಿರುವುದು, ತಂತಿ ಸಡಿಲವಾದೊಡನೆ ಉಂಗುರ ಜಾರಿಹೋಗಲೆಂದೇ. ಅಂದು ಅದು ಜಾರಿದ್ದರಿಂದ ನಿಮ್ಮ ಮಗಳು ಉಳಿದಳೆಂದು ತಿಳಿಯಿರಿ. ದೋಣಿ ಮಗುಚಿದಾಗ ಎರಡು ಒಡಲುಗಳ ನಡುವಿನ ಹಾಸು ನೀರಿಗೆ ಮುಚ್ಚಳದಂತಾಗುತ್ತದೆ. ಅದರಡಿಯಲ್ಲಿ ಕೊಕ್ಕೆ ಯಾವುದಾದರೂ ಹಗ್ಗಕ್ಕೆ ಸಿಕ್ಕಿಕೊಂಡರೆ ಜೀವರಕ್ಷಕ ಕವಚ ತೊಟ್ಟವರೂ ಮೇಲೆ ಬರಲಾರರು. ಈ ಕಾರಣಕ್ಕಾಗಿಯೇ ಅಂತರರಾಷ್ಟ್ರೀಯ ಸ್ಪರ್ಧಾ ನಿಯಮವು, ತೊಟ್ಟವರನ್ನು ತಕ್ಷಣ ಬಿಡಿಸಬಲ್ಲ ಸಾಧನ ಹಾರ್ನೆಸ್‌ನಲ್ಲಿ ಇರಲೇಬೇಕೆಂದು 2023ರ ಜನವರಿ 1ರಿಂದ ವಿಧಿಸಿದೆ. ನೀವು ಸ್ಪರ್ಧಿಸದಿದ್ದರೂ ಅಂಥದ್ದನ್ನೇ ಕೊಳ್ಳಿರಿ, ಮತ್ತು ಹಗ್ಗ ಕತ್ತರಿಸುವ ಚಾಕುವೊಂದು ಇಬ್ಬರ ಬಳಿಯೂ ಕೈಗೆಟುಕುವಂತಿರಲಿ.

ಅವಳು ಬಿದ್ದದ್ದಕ್ಕೆ ಕಾರಣ ನಿಂತ ಜಾಗ. ಈ ದೋಣಿಯ ಮೂತಿ ಸಪೂರವಾದದ್ದು. ಗಾಳಿ ಬಲವಾಗಿ ಪಕ್ಕದಿಂದಲೋ ಹಿಂಬದಿಯಿಂದಲೋ ಬಂದಾಗ ಅದು ಬೇಗ ಮುಳುಗುತ್ತದೆ. ಆಗ ದೋಣಿ ತಟ್ಟನೆ ನಿಲ್ಲುತ್ತದೆ, ತಂತಿಗೆ ಜೋತ ದೇಹ ನಿಲ್ಲುವುದಿಲ್ಲ. ಅಂಥ ಗಾಳಿಯಲ್ಲಿ ಅವಳು ಚುಕ್ಕಾಣಿ ಹಿಡಿದ ನಿಮ್ಮ ಮೈಗೆ ಮೈ ತಾಗುವಷ್ಟು ಹಿಂದಕ್ಕೆ ಬರಬೇಕು. ಮುಂದಿನ ಕಾಲು ನೆಟ್ಟಗಿರಬೇಕು, ಹಿಂದಿನ ಮೊಣಕಾಲು ತುಸು ಬಾಗಿರಬೇಕು, ಎರಡು ಪಾದಗಳ ನಡುವೆ ಭುಜದಗಲ ಅಂತರವಿರಬೇಕು. ಮೂತಿ ತಗ್ಗುವುದು ಕಂಡೊಡನೆ ಹಾಯಿಯ ಹಗ್ಗವನ್ನು ಸಡಿಲಿಸುವುದು ನಿಮ್ಮ ಕೆಲಸ. ಕಲಿಯುವವರಿಗೆ ಉಂಗುರ ಎತ್ತರದಲ್ಲಿರಲಿ. ತಗ್ಗಿಸಿದರೆ ದೋಣಿಯನ್ನು ಸಮತೋಲದಲ್ಲಿಡುವ ಬಲ ಹೆಚ್ಚುತ್ತದೆ, ಆದರೆ ಅಲೆಗಳು ಬೆನ್ನಿಗೆ ಬಡಿಯುತ್ತವೆ, ಒಳಗೆ ಬರುವುದೂ ಕಷ್ಟ. ಮೊದಲು ಮರಳ ಮೇಲೆ ದೋಣಿಯನ್ನು ಇಬ್ಬರು ಅದುಮಿ ಹಿಡಿದಿರಲು, ಕೊಕ್ಕೆ ಸಿಕ್ಕಿಸಿ, ಹಿಡಿಕೆ ಹಿಡಿದು, ಹೊರಗೆ ಹೋಗಿ ಬರುವುದನ್ನು ಯೋಚಿಸದೆ ಮಾಡುವಷ್ಟು ರೂಢಿ ಮಾಡಿಸಿರಿ.

ಇನ್ನೊಂದು ಚಿಂತೆ. ಮಗುಚಿದ ಹೋಬಿ 16 ಅನ್ನು ನೆಟ್ಟಗೆ ಮಾಡಲು ಸುಮಾರು 135 ಕಿಲೋ ಭಾರ ಬೇಕಾಗುತ್ತದೆ. ನೀವಿಬ್ಬರೂ ಸೇರಿ 120. ಜೊತೆಗೊಂದು ಯಂತ್ರದ ದೋಣಿ ಇಲ್ಲದೆ ಹೊರಡಬೇಡಿರಿ.

ಹುಬ್ಬಳ್ಳಿಯ ಸದಸ್ಯರು: ಉಣಕಲ್ ಕೆರೆಯಲ್ಲಿ ಇದನ್ನು ಕಲಿಯಬಹುದೇ ಸರ್?

ತರಬೇತುದಾರರು: ಬೇಡ. ಸುತ್ತ ಕಟ್ಟಡಗಳಿರುವಲ್ಲಿ ಗಾಳಿ ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುತ್ತದೆ. ತಂತಿಗೆ ಜೋತವರು ಹಿಮ್ಮುಖವಾಗಿ ನೀರಿಗೆ ಬೀಳುತ್ತಾರೆ.

ಗದಗಿನ ಸದಸ್ಯರು: ಹಾರ್ನೆಸ್ ದುಬಾರಿ. ಕಟ್ಟಡ ಕಾರ್ಮಿಕರ ಸೇಫ್ಟಿ ಬೆಲ್ಟ್ ಹುಬ್ಬಳ್ಳಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಅದು ಇನ್ನೂ ಗಟ್ಟಿ.

ತರಬೇತುದಾರರು: ಗಟ್ಟಿತನ ಇಲ್ಲಿಯ ಪ್ರಶ್ನೆಯಲ್ಲ. ಆ ಬೆಲ್ಟಿನ ಕೊಂಡಿ ಬೆನ್ನಿಗಿರುತ್ತದೆ, ತಾನಾಗಿ ಕಳಚುವುದಿಲ್ಲ. ಕಟ್ಟಡದಿಂದ ಬೀಳುವವರನ್ನು ಅದು ಹಿಡಿದಿಡಬೇಕು. ನೀರಿನಲ್ಲಿ ಹಿಡಿದಿಟ್ಟರೆ ಕೊಲ್ಲುತ್ತದೆ.

ಗದಗಿನ ಸದಸ್ಯರು: ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೆ ಇಷ್ಟೊಂದು ಹೆದರಿಕೆ ಹಾಕಬೇಕಾಗಿಲ್ಲ.

ಹಾವೇರಿಯ ಸದಸ್ಯರು: ಈಜು ಬಂದವರಿಗೂ ತಂತಿ ಸುತ್ತಿಕೊಳ್ಳುತ್ತದೆ, ಸ್ವಾಮಿ. ಕೇಳಿದ್ದಕ್ಕೆ ಉತ್ತರ ಸಿಕ್ಕ ಮೇಲೂ ಏಕೆ ವಾದ?

ಗದಗಿನ ಸದಸ್ಯರು: ನಾನು ತಮ್ಮನ್ನು ಕೇಳಿಲ್ಲ. ತಾವು ದೋಣಿ ಹತ್ತಿದ್ದೀರಾ, ಅದನ್ನು ಮೊದಲು ಹೇಳಿರಿ.

ಹಾವೇರಿಯ ಸದಸ್ಯರು: ಹತ್ತಿದ್ದೇನೆ. ಹತ್ತದವರಿಗೂ ಓದಿದ್ದು ಅರ್ಥವಾಗುತ್ತದೆ.

ನವಲಗುಂದದ ಸದಸ್ಯರು: ಹಳೆಯ ಹಾರ್ನೆಸ್ ಎಷ್ಟಕ್ಕೆ ಸಿಗಬಹುದು? ಹಾಗೆಯೇ, ಎಲ್ಲರಿಗೂ ಉಪಯೋಗವಾಗಲೆಂದು ಇದನ್ನು ಕಳುಹಿಸುತ್ತಿದ್ದೇನೆ: ನೀರಿನಲ್ಲಿ ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಕೆಲವು ಗಂಟೆ ಹೂತಿಟ್ಟರೆ ಜೀವ ಬರುತ್ತದೆ.

ತರಬೇತುದಾರರು: ಈ ಸಂದೇಶವನ್ನು ದಯವಿಟ್ಟು ಅಳಿಸಿರಿ, ಇದು ಶುದ್ಧ ಸುಳ್ಳು. ಉಪ್ಪು ತರಲು ಓಡುವ ನಿಮಿಷಗಳಲ್ಲೇ ಮಿದುಳು ಸಾಯುತ್ತದೆ. ಉಸಿರಿಲ್ಲದವರ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ಇವೂ ಬೇಡ. ಇಂಥದ್ದನ್ನು ಪರೀಕ್ಷಿಸದೆ ಹಂಚುವವರಿಗೆ ಒಬ್ಬರ ಜೀವ ಹೋದರೆ ಯಾರು ಹೊಣೆ ಎಂಬ ಯೋಚನೆಯೇ ಬರುವುದಿಲ್ಲವೇ?

ನವಲಗುಂದದ ಸದಸ್ಯರು: ಒಳ್ಳೆಯದಾಗಲೆಂದು ಹಾಕಿದ್ದಕ್ಕೆ ಹೀಗೆ ಮಾತನಾಡಬೇಕೇ?

ಕುಂದಗೋಳದ ಸದಸ್ಯರು: ಸರ್, ಉಣಕಲ್ ಅಲ್ಲದಿದ್ದರೆ ಕೆಲಗೇರಿ ಕೆರೆ?

ತರಬೇತುದಾರರು: ಬೇಡ. ಮೇಲೆ ಓದಿರಿ.

ಧಾರವಾಡದ ಸದಸ್ಯರು: ಪಟ್ಟಿ ತೆಗೆದಿದ್ದೇನೆ ಸರ್. ಆದರೆ ಅಂಚಿನಲ್ಲಿ ಕೂತಾಗ ಉಂಗುರ ಪದೇಪದೇ ಕಳಚುತ್ತದೆ, ಮಗಳು ಗಾಬರಿಯಾಗುತ್ತಾಳೆ.

ತರಬೇತುದಾರರು: ತಂತಿಯ ಕೆಳತುದಿಯನ್ನು ಎಳೆದಿಡುವ ರಬ್ಬರ್ ಹಗ್ಗ ಹಳತಾಗಿ ಜೋತುಬಿದ್ದಿರಬೇಕು. ಅದು ಬಿಗಿಯಾಗಿದ್ದರೆ, ಅವಳು ಹೊರಗೆ ಭಾರ ಬಿಡುವವರೆಗೂ ಉಂಗುರವನ್ನು ಕೊಕ್ಕೆಯಲ್ಲಿ ಹಿಡಿದಿಡುತ್ತದೆ. ಎರಡೂ ಬದಿಯದನ್ನು ಬದಲಿಸಿರಿ. ಹಾರ್ನೆಸ್ಸಿನ ಭುಜಪಟ್ಟಿ ಸಡಿಲವಾಗಿ ಕೊಕ್ಕೆ ಜೋತುಬಿದ್ದಿದೆಯೇ ಎಂಬುದನ್ನೂ ನೋಡಿ, ಅವಳು ಅದನ್ನು ತೊಟ್ಟು ಕೂತ ಚಿತ್ರವನ್ನು ಪಕ್ಕದಿಂದ ತೆಗೆದು ನನಗೆ ಕಳುಹಿಸಿರಿ. ಅದನ್ನು ನಾನು ನೋಡುವವರೆಗೆ ಅವಳನ್ನು ತಂತಿಗೆ ಬಿಡಬೇಡಿರಿ.