ಅಪ್ಪನಿಗೆ 72, ದಿನಾ ಗ್ಯಾಸ್ಟ್ರಿಕ್ ಮಾತ್ರೆ. ಎಂಡೋಸ್ಕೋಪಿ ಬೇಕಾ?

ಬ್ರಹ್ಮಾವರ_ಬಸ್
ನಮಸ್ಕಾರ. ಅಪ್ಪ 10 ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಂಟೊಪ್ರಜೋಲ್ ನುಂಗದೆ ಚಾ ಮುಟ್ಟುವುದಿಲ್ಲ. ಎದೆ ಉರಿ ಅಂತ ಯಾವ ಕಾಲದಲ್ಲೋ ಡಾಕ್ಟರ್ ಬರೆದುಕೊಟ್ಟದ್ದು, ಚೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಈಗ ಮೆಡಿಕಲ್‌ನವರು ಅಪ್ಪನ ಮುಖ ನೋಡಿದರೇ ಸ್ಟ್ರಿಪ್ ತೆಗೆದುಕೊಡುತ್ತಾರೆ. ಮೊದಲು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು, ಸುಮಾರು 40 ವರ್ಷ. ಬಿಟ್ಟು 5 ವರ್ಷ ಆಯ್ತು. ದೊಡ್ಡಪ್ಪ ಹೊಟ್ಟೆಯ ಕ್ಯಾನ್ಸರ್‌ನಲ್ಲೇ ಹೋದದ್ದು, ಅದಕ್ಕೇ ನನಗೆ ಹೆದರಿಕೆ. ಅಪ್ಪ ಮಾತ್ರ "ಗ್ಯಾಸ್ಟ್ರಿಕ್ ಯಾರಿಗಿಲ್ಲ ಮಾರಾಯ" ಅಂತ ಪುನರ್ಪುಳಿ ಸಾರು ಕುಡಿದು ಮಲಗುತ್ತಾರೆ. ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಮಾರ್ಕರ್ ಸೇರಿಸಿ ಪ್ಯಾಕೇಜ್ ಉಂಟಂತೆ. ರಕ್ತ ಕೊಟ್ಟರೆ ಸಾಕಾ?

ಮಲ್ಪೆ_ಅಕ್ಕ
ಪ್ಯಾಕೇಜಿಗೆ ದುಡ್ಡು ಹಾಕಬೇಡಿ. ಬಾಯಿಯಿಂದ ಕ್ಯಾಮೆರಾ ಇರುವ ಸಪೂರ ಕೊಳವೆ ಇಳಿಸಿ ಒಳಗೆ ನೋಡುತ್ತಾರಲ್ಲ, ಆ ಎಂಡೋಸ್ಕೋಪಿ ರೂಮಿನಲ್ಲೇ ನಾನು ನರ್ಸ್ ಆಗಿದ್ದವಳು. ಸಿಇಎ ಅಂತ ಒಂದು ಮಾರ್ಕರ್ ಉಂಟಲ್ಲ, ರೋಗ ಶುರುವಿನಲ್ಲಿದ್ದಾಗ ಅದು ನಾರ್ಮಲ್ ಬರಬಹುದು, ಏನೂ ಇಲ್ಲದ ಬೀಡಿ ಸೇದುವವರಿಗೆ ಜಾಸ್ತಿಯೂ ಬರಬಹುದು. ಸುಮ್ನೆ ತಲೆಬಿಸಿ. ರಕ್ತದಲ್ಲಿ ಮೊದಲು ನೋಡಬೇಕಾದ್ದು ಹಿಮೋಗ್ಲೋಬಿನ್. ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ಯಾಕೆ ಅಂತ ಹುಡುಕಲೇಬೇಕು.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಊಟದ ಹೊತ್ತಿಗೆ ಅಪ್ಪನ ಪಕ್ಕ ಕೂತು ನೋಡಿ. ಅನ್ನನಾಳ ಸಣ್ಣ ಆಗುತ್ತಾ ಬಂದರೆ ಮೊದಲು ಗಟ್ಟಿ ತಿಂಡಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಗಂಜಿ, ಕೊನೆಗೆ ನೀರು. ಆದರೆ ಯಾರೂ ಬಂದು "ನನಗೆ ನುಂಗಲು ಆಗುವುದಿಲ್ಲ" ಅಂತ ಹೇಳುವುದಿಲ್ಲ, ಹೇಳದೆಯೇ ತಿಂಡಿ ಬದಲಾಯಿಸಿಕೊಳ್ಳುತ್ತಾರೆ. ತೂಕ ಇಳಿದಿದೆಯಾ? ಸ್ವಲ್ಪ ತಿಂದ ಕೂಡಲೇ ಹೊಟ್ಟೆ ತುಂಬಿತು ಅನ್ನುತ್ತಾರಾ? ಮಲ ಡಾಂಬರಿನ ಹಾಗೆ ಕಪ್ಪು ಹೋಗುತ್ತದಾ? ಐರನ್ ಮಾತ್ರೆ ತಗೊಂಡರೂ ಕಪ್ಪಾಗುತ್ತದೆ, ಅದನ್ನೂ ಕೇಳಿ. ಇನ್ನು ಈ ದಿನಾ ನುಂಗುವ ಮಾತ್ರೆ ಉರಿಯನ್ನು ತಗ್ಗಿಸುತ್ತದೆ ಅಷ್ಟೇ, ಒಳಗೆ ಎಂತದ್ದಾದರೂ ಇದ್ದರೆ ಅದು ಗೊತ್ತಾಗುವುದೂ ತಡ ಆಗಬಹುದು.

ಸುರತ್ಕಲ್_ಸವಾರಿ
ಅಕ್ಕ ಹೇಳಿದ ಹಿಮೋಗ್ಲೋಬಿನ್ ಮಾತು ಹಗುರ ಮಾಡಬೇಡಿ. ನಮ್ಮ ಅಪ್ಪನಿಗೆ 9 ಇತ್ತು. ಒಂದು ಕ್ಲಿನಿಕ್‌ನಲ್ಲಿ "ವಯಸ್ಸಾಯ್ತಲ್ಲ" ಅಂತ 6 ತಿಂಗಳು ಐರನ್ ಕೊಟ್ಟರು, ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ ಅನ್ನಿ. ಕೊನೆಗೆ ನೋಡಿದರೆ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆಯ್ತು, ಈಗ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ.

ಹೊಗೆಸೊಪ್ಪು ಬಿಟ್ಟದ್ದು ಒಳ್ಳೆಯದೇ, ಆದರೆ ಬಿಟ್ಟ ಕೂಡಲೇ ಹಳೆಯ ಲೆಕ್ಕ ಸೊನ್ನೆ ಆಗುವುದಿಲ್ಲ. ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. (ನಮ್ಮ ಊರಲ್ಲಿ ಇದನ್ನು ಹೇಳಿದರೆ ತೋಟದವರ ಹತ್ತಿರ ಬೈಗುಳ ಗ್ಯಾರಂಟಿ.) 65 ಡಿಗ್ರಿಗಿಂತ ಬಿಸಿಯಾದ ಚಾ ಕಾಫಿ ಕೂಡ ಅನ್ನನಾಳಕ್ಕೆ ಆಗದು ಅಂತ 2016ರಲ್ಲಿ ಅವರೇ ಹೇಳಿದ್ದು. ದೊಡ್ಡಪ್ಪನದ್ದು ನಿಮಗಿಂತ ಅಪ್ಪನಿಗೇ ಹತ್ತಿರದ ಲೆಕ್ಕ, ಒಡಹುಟ್ಟಿದವರಲ್ವಾ.

ಕಾಪು_ದೀಪ
ನಮ್ಮ ಅಜ್ಜಿ 91ರ ತನಕ ಎಲೆ ಅಡಿಕೆ ಹಾಕಿದರು, ಒಂದು ಶೀತ ಕೂಡ ಬರಲಿಲ್ಲ. ಸುಮ್ನೆ ಹೆದರಿಸಬೇಡಿ ಮಾರಾಯ್ರೆ.

ಸುರತ್ಕಲ್_ಸವಾರಿ
ಹೆಲ್ಮೆಟ್ ಹಾಕದೆ ಮಣಿಪಾಲಕ್ಕೆ ಹೋಗಿ ಬಂದವರೂ ಇದ್ದಾರೆ.

ಬ್ರಹ್ಮಾವರ_ಬಸ್
ಮೂರು ದಿನ ಪಕ್ಕ ಕೂತು ನೋಡಿದೆ. ಚಪಾತಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ, ಎರಡು ತುತ್ತಿಗೊಮ್ಮೆ ನೀರು. ಹಲ್ಲಿನ ತೊಂದರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ವಾಚು ಕೈ ಎತ್ತಿದರೆ ಮೊಣಕೈ ತನಕ ಜಾರುತ್ತದೆ, ಹಿಂದಿನ ವರ್ಷ ಬಿಗಿಯಾಗಿತ್ತು. ತೂಕ ನೋಡಿದರೆ 6 ಕಿಲೋ ಕಡಿಮೆ. ಹೊಟ್ಟೆಯ ಕೀಟಾಣು ಎಚ್ ಪೈಲೋರಿಯ ಟೆಸ್ಟ್ ಮಾಡಿಸುವುದಾದರೆ ಮಾತ್ರೆ ಎರಡು ವಾರ ನಿಲ್ಲಿಸಬೇಕು ಅಂತ ಎಲ್ಲೋ ಓದಿದೆ. ನಿಲ್ಲಿಸಿ ಕಾಯಲಾ?

ಮಲ್ಪೆ_ಅಕ್ಕ
ಕಾಯಬೇಡಿ. ನಿಲ್ಲಿಸುವುದು ಆ ಟೆಸ್ಟಿಗೆ, ಮಾತ್ರೆ ನಡೆಯುತ್ತಿದ್ದರೆ ಕೀಟಾಣು ಇದ್ದರೂ ಇಲ್ಲ ಅಂತ ತೋರಿಸಬಹುದು. ಅದನ್ನು ಆಮೇಲೆ ನೋಡಿದರೂ ಆಯ್ತು. 72 ವರ್ಷ, ನುಂಗುವುದು ಕಷ್ಟ, ತೂಕ ಇಳಿದದ್ದು, ಇಷ್ಟು ಸಾಕು, ಈ ವಾರವೇ ಎಂಡೋಸ್ಕೋಪಿ ಮಾಡಿಸಿ. ಇಷ್ಟಾದ ಮಾತ್ರಕ್ಕೆ ಕ್ಯಾನ್ಸರೇ ಅಂತಲ್ಲ, ಹಳೆಯ ಹುಳಿತೇಗಿನಿಂದ ಅನ್ನನಾಳ ಗಾಯವಾಗಿ ಕುಗ್ಗಿದರೂ ಹೀಗೇ ಆಗುತ್ತದೆ. ಆದರೆ ಒಳಗೆ ನೋಡದೆ, ಬೇಕಾದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸದೆ, ಯಾವುದು ಅಂತ ಯಾರೂ ಹೇಳಲಾಗದು.

ಹಿಂದಿನ ರಾತ್ರಿ ಬೇಗ ಊಟ ಮಾಡಿಸಿ, ಆಮೇಲೆ ಖಾಲಿ ಹೊಟ್ಟೆ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಒಳಗಿನ ಕೆಲಸ 10 ನಿಮಿಷದ ಆಸುಪಾಸು. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಮಾತ್ರೆ ಇದ್ದರೆ ಮೊದಲೇ ಹೇಳಿ.

ಬ್ರಹ್ಮಾವರ_ಬಸ್
ಗುರುವಾರ ಬೆಳಿಗ್ಗೆ 9ಕ್ಕೆ ಬರಲು ಹೇಳಿದ್ದಾರೆ. ಅಪ್ಪನಿಗೆ ಒಂದೇ ಚಿಂತೆ, ಅವತ್ತು ಚಾ ಕುಡಿಯಬಹುದಾ ಅಂತ.

ಮಲ್ಪೆ_ಅಕ್ಕ
ಸ್ಕೋಪ್ ಆದ ಮೇಲೆ, ಗಂಟಲ ಮರಗಟ್ಟಿದ್ದು ಪೂರ್ತಿ ಬಿಟ್ಟ ಮೇಲೆ. ಆರಿಸಿ ಕೊಡಿ.